ಮಲಗಿಸಿ ಎಬ್ಬಿಸುವ ಕೆಲಸ

“ಸೇವ್ ಮಾಡಿಟ್ಟುಕೊಂಡರೆ ಅದು ಪರೀಕ್ಷೆ ಹೇಗಾಗುತ್ತಮ್ಮ?” ಎನ್ನುತ್ತಲೇ ಮಗಳು ಅಮ್ಮನ ಕೈ ಸರಿಸಿ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿಯೇಬಿಟ್ಟಳು.

ಅಮ್ಮ ನಾಟಕ ಬರೆಯುವವಳು, ಆಡಿಸುವವಳು. ಬೆಳಗಿನಿಂದ ತಾಲೀಮಿನ ಹಾಲ್‌ನಲ್ಲೇ ಕೂತು ಬರೆದ ಕೊನೆಯ ದೃಶ್ಯ ಆ ಮುಚ್ಚಳದೊಳಗಿತ್ತು. ಸಂಜೆ ನಟರು ಬಂದಾಗ ಅವರ ಕೈಗೆ ಕೊಡಬೇಕು. ಮಗಳ ನಾಟಕವೇ ಬೇರೆ. ಯಾರು ಬೇಕಾದರೂ ಕೈಹಾಕಿ ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್‌ಗೆ ಅವಳು ಕೋಡ್ ಬರೆಯುತ್ತಾಳೆ. ಅದರ ತಿರುಳಾದ ಕರ್ನಲ್‌ನಲ್ಲಿ, ಮುಚ್ಚಳ ಮುಚ್ಚಿದಾಗ ಕಂಪ್ಯೂಟರನ್ನು ಮಲಗಿಸಿ, ತೆಗೆದಾಗ ಎಬ್ಬಿಸುವ ಭಾಗ ಅವಳದು. ಹೊಸ ಕೋಡನ್ನು ಬೆಳಗ್ಗೆ ಅಮ್ಮ ಬರೆಯಲು ಕೂರುವ ಮೊದಲೇ ಅವಳ ಯಂತ್ರಕ್ಕೂ ಹಾಕಿದ್ದಳು. ಮನೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಸಲೀಸಾಗಿ ಎದ್ದ ಕೋಡು ಅದು, ಅನುಮಾನದ ಮಾತೇ ಇರಲಿಲ್ಲ.

ಮುಚ್ಚಳ ತೆಗೆದರೆ ಪರದೆ ಕಪ್ಪಗಿತ್ತು.

“ನನ್ನ ದೃಶ್ಯ ಎಲ್ಲೇ?” ಅಮ್ಮನ ದನಿ ಇಳಿದುಹೋಯಿತು. “ಬೇರೆಲ್ಲೂ ಬರೆದಿಟ್ಟಿಲ್ಲ ಕಣೇ.”

ಮಗಳು ಗಾಬರಿಯಾಗದೆ ಕ್ಯಾಪ್ಸ್ ಲಾಕ್ ಒತ್ತಿದಳು, ಅದರ ಪುಟ್ಟ ದೀಪ ಹತ್ತಿತು. ಮತ್ತೆ ಒತ್ತಿದಳು, ಆರಿತು.

“ಏನೂ ಆಗಿಲ್ಲ, ಎದ್ದಿದೆ. ಪರದೆ ಹಿಂದಿನ ದೀಪ ಮಾತ್ರ ಹತ್ತಿಲ್ಲ. ಪವರ್ ಬಟನ್ ಮುಟ್ಟಬೇಡ, ಮುಟ್ಟಿದರೆ ಎಲ್ಲಾ ಹೋಗುತ್ತೆ.”

“ನಿನ್ನ ಮನೇಲಿ ಹತ್ತುತ್ತಿತ್ತಲ್ಲ?”

ಹತ್ತುತ್ತಿತ್ತೇ? ಮನೆಯಲ್ಲಿ ಅವಳ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಸದಾ ತಗುಲಿಕೊಂಡೇ ಇರುತ್ತದೆ. ಪ್ರತಿ ಸಲವೂ ಅವಳು ನೋಡಿದ್ದು ಆ ಮಾನಿಟರನ್ನು. ಲ್ಯಾಪ್‌ಟಾಪಿನ ಸ್ವಂತ ಪರದೆಯ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಇಂಥ ಪೆದ್ದುತನಕ್ಕೆ ನಾಚಿಕೆಯಾಯಿತು. ತಪ್ಪು ಎಲ್ಲಿದೆಯೆಂದು ಗೊತ್ತಾಗಿದ್ದಕ್ಕೆ, ನಿಜ ಹೇಳಬೇಕೆಂದರೆ, ಒಳಗೊಳಗೇ ಖುಷಿಯೂ ಆಯಿತು.

ಫೋನಿನ ಟಾರ್ಚ್ ಹಚ್ಚಿ ಪರದೆಗೆ ಓರೆಯಾಗಿ ಹಿಡಿದಳು. ಕಪ್ಪಿನೊಳಗಿಂದ ಮಸುಕು ಅಕ್ಷರಗಳ ಒಂದೆರಡು ಸಾಲು ಕಂಡವು.

“ಅಯ್ಯೋ, ಇಲ್ಲೇ ಇದೆ!” ಅಮ್ಮ ತಡಮಾಡದೆ ಸೇವ್ ಒತ್ತಿದಳು. “ಕೊಡಿಲ್ಲಿ ಆ ಟಾರ್ಚು. ಎಲ್ಲಾ ಇದೆಯಾ ನೋಡ್ತೀನಿ. ನೀನು ನಿನ್ನ ಕೆಲಸ ನೋಡು.”

ಮಗಳು ತನ್ನ ಲ್ಯಾಪ್‌ಟಾಪ್ ಬಿಚ್ಚಿ ವೇದಿಕೆಯ ಅಂಚಿನಲ್ಲೇ ಕೂತಳು. ಪರದೆಗೆ ಕರೆಂಟು ಕೊಡುವ ಚಿಪ್ ಏಳುವ ಮೊದಲೇ ದೀಪಕ್ಕೆ ‘ಹತ್ತು’ ಎಂದುಬಿಟ್ಟಿತ್ತು ಅವಳ ಕೋಡು. ಎರಡು ಸಾಲು ಹಿಂದುಮುಂದು ಮಾಡಿದಳು. ತಿದ್ದಿದ ಕರ್ನಲ್ಲನ್ನು ಅಮ್ಮನ ಯಂತ್ರಕ್ಕೆ ಹಾಕಿ, ರೀಸ್ಟಾರ್ಟ್ ಮಾಡಿ ದೃಶ್ಯ ತೆರೆದು, ಮುಚ್ಚಳ ಮುಚ್ಚಿ ತೆಗೆದಳು. ಪರದೆ ಝಗ್ಗನೆ ಬೆಳಗಿತು.

“ಹೇಗಿದೆ?” ಎಂದು ಬೀಗುತ್ತ ದೃಶ್ಯದ ಕೊನೆಗೆ ಇಳಿದವಳು ಮತ್ತೆ ಮೇಲೆ ಹೋಗಿ ಹುಡುಕಿದಳು.

“ಅಮ್ಮಾ, ಕೊನೇ ಮಾತೇ ಇಲ್ಲ! ಓಡಿಹೋದ ಮಗಳು ವಾಪಸ್ ಬಂದಾಗ ತಾಯಿ ಬಾಗಿಲು ತೆಗೆದು ಹೇಳ್ತಾಳಲ್ಲ, ‘ನಿನ್ನನ್ನು ಕ್ಷಮಿಸಿದ್ದೇನೆ’ ಅಂತ? ಆಗಲೇ ಓದಿ ಹೇಳಿದ್ದೆಯಲ್ಲ. ನನ್ನ ಕೋಡ್ ನುಂಗಿಬಿಡ್ತಾ?”

“ನಿನ್ನ ಕೋಡ್ ಏನೂ ಮಾಡಿಲ್ಲ. ನಾನೇ ತೆಗೆದೆ,” ಎಂದಳು ಅಮ್ಮ. “ಟಾರ್ಚಲ್ಲಿ ಒಂದೊಂದೇ ಸಾಲು ಓದುವಾಗ ಆ ಮಾತು ಬೇಡ ಅಂತ ಗೊತ್ತಾಯ್ತು. ತಾಯಿ ಬಾಗಿಲು ತೆಗೆದಿದ್ದಾಳಲ್ಲ, ಸಾಕು.”