ರಾಯ್ಸ್‌ನ ಪಾಲಿನ ವಾದ

ಲೇತ್‌ನಲ್ಲಿ ತಿರುಗುತ್ತಿದ್ದ ಬಂದೂಕಿನ ನಳಿಗೆಗೆ ಕೊರೆಯುವ ರೀಮರ್ ತಾಗಲು ಕೂದಲೆಳೆಯಷ್ಟು ಬಾಕಿಯಿದ್ದಾಗ ಗಿರಾಕಿ ಡೆಲ್ಮರ್, "ತಡಿ ಲವೋನ್," ಎಂದ. ಬಂದೂಕು ತಯಾರಿಸುವ ಲವೋನ್ ಹಲ್ಲು ಕಡಿದು ಮತ್ತೆ ಲೇತ್ ನಿಲ್ಲಿಸಿದಳು. ತೋಟಾ ಕೂರುವ ಗೂಡನ್ನು ಒಮ್ಮೆ ಕೊರೆದರೆ ಆ ಬಂದೂಕಿಗೆ ಅದೇ ಅಳತೆಯ ತೋಟಾ ಗತಿ.

"ಟೂ-ಟೂ-ತ್ರೀ ತೋಟಾ ಸಣ್ಣದು, ಸಾಕು. ಆದ್ರೆ ಗಾಳಿಗೆ ಜಗ್ಗತ್ತೆ. ದೊಡ್ಡದು, ಟೂಫಿಫ್ಟಿ, ಜಗ್ಗಲ್ಲ, ಆದ್ರೆ ನಳಿಗೆ ಬೇಗ ಸುಟ್ಟುಹಾಕತ್ತೆ," ಎಂದ ಡೆಲ್ಮರ್.

"ಚಳಿಗಾಲ ಪೂರ್ತಿ ಇದನ್ನೇ ಕೇಳಿದೀನಿ. ನೀನು ಹೊಡೀಬೇಕಾದ ಆ ಪ್ರೇರಿ ಡಾಗ್ ಹೆಗ್ಗಣಗಳು ನಿನ್ನ ಹುಲ್ಲುಗಾವಲೆಲ್ಲ ಬಿಲ ತೋಡಿಟ್ಟಿವೆ, ಕರುಗಳು ಕಾಲು ಮುರ್ಕೋತಿವೆ. ಯಾವ್ದೋ ಒಂದು ಹೇಳಿ ಸಾಯಿ ಮಾರಾಯ."

'ಸಾಯಿ' ಅಂದದ್ದಕ್ಕೆ ಲವೋನ್ ನಾಲಿಗೆ ಕಚ್ಚಿಕೊಂಡಳು. ಡೆಲ್ಮರನ ಗೆಳೆಯ ರಾಯ್ಸ್ ಸತ್ತಿದ್ದು ಈ ಸಲದ ಹಿಮ ಬೀಳುವ ಮುಂಚೆ. ವರ್ಷಾನುಗಟ್ಟಲೆ ಇಬ್ಬರೂ ಇದೇ ಬೆಂಚಿಗೆ ಒರಗಿ ಕಚ್ಚಾಡಿದವರು. ಡೆಲ್ಮರ್ ಸಣ್ಣ ತೋಟಾ ಎಂದರೆ ರಾಯ್ಸ್ ದೊಡ್ಡದು ಎನ್ನುತ್ತಿದ್ದ. ಈಗ ಎರಡೂ ಕಡೆಯ ವಾದವನ್ನು ಇವನೊಬ್ಬನೇ ಮಾಡುತ್ತಿದ್ದ.

ಲವೋನ್ ರೀಮರನ್ನು ಬಟ್ಟೆಯಿಂದ ಒರೆಸಿದಳು. "ಟೂ-ಟೂ-ತ್ರೀ ಅಂತೆ. ಅದೇನು ಗುಂಡೋ, ಸಾಸಿವೆ ಕಾಳೋ. ನಮ್ಮ ಡಕೋಟಾ ಗಾಳಿಗೆ ಗಡಿ ದಾಟಿ ನೆಬ್ರಾಸ್ಕಾದಲ್ಲಿ ಹೋಗಿ ಬೀಳತ್ತೆ. ತಲೆ ಇರೋನು ಯಾವನೂ ಅದನ್ನ ಹಾಕಿಸಲ್ಲ."

ಡೆಲ್ಮರನ ಬೆನ್ನು ಬೆಂಚಿನಿಂದ ಮೇಲೆದ್ದಿತು. ಕಿವಿ ಕೆಂಪಾಯಿತು.

"ಗಾಳಿ ವಿಷಯ ನಂಗೆ ಕಲಿಸ್ತೀಯಾ ನೀನು? ಗುರಿ ಇಡೋಕೆ ಬರದೋರಿಗೆ ಆ ದೊಡ್ಡದು. ಕೊರಿ, ಸಣ್ಣದೇ ಕೊರಿ."

ಮಾತು ಬಾಯಿಂದ ಬಿದ್ದದ್ದೇ ತಡ, ಲವೋನ್ ಲೇತ್ ಚಾಲೂ ಮಾಡಿದಳು.