ಕೊನೆಯ ಮನೆಯ ದೀಪ

ಆಫೀಸಿನಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಬಿಸಿಯಾಗಿ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಈಗಲೂ ನನಗೆ ಜಾವಗಲ್‌ನ ನಮ್ಮ ನಡುಮನೆ ನೆನಪಾಗುತ್ತದೆ.

ಅರಸೀಕೆರೆಯ ಮಾವ ಕೊಟ್ಟ ಹಳೆಯ ವಿಡಿಯೋ ಗೇಮನ್ನು ಅಲ್ಲಿನ ಟೀವಿಗೆ ಸಿಕ್ಕಿಸಿದರೆ ಅದರ ಚಾರ್ಜರೂ ಬಿಸಿಯಾಗಿ ಹೀಗೇ ನಾರುತ್ತಿತ್ತು. ಆ ಆಟದಲ್ಲಿ ಒಬ್ಬ ಹುಡುಗ ಊರೂರು ಸುತ್ತಿ, ಹುಳುಹುಪ್ಪಟೆಗಳ ಜೊತೆ ಹೊಡೆದಾಡಿ, ಸ್ವಲ್ಪಸ್ವಲ್ಪವೇ ಗಟ್ಟಿಯಾಗಬೇಕಿತ್ತು. ಅಕ್ಷರವೆಲ್ಲ ಜಪಾನಿನದು. ನಮ್ಮ ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಆದರೆ ಆ ಟೀವಿಯ ಮುಂದೆ ಅವ್ವನೂ ನಾನೂ ಒಂದೇ. ದಿನಾ ಮಧ್ಯಾಹ್ನ ಮೂರು ಗಂಟೆಗೆ ಕರೆಂಟು ಹೋಗುತ್ತಿತ್ತು. ಹೋದರೆ ಆಡಿದ್ದೆಲ್ಲ ಅಳಿಸಿಹೋಗಿ ಹುಡುಗ ಮತ್ತೆ ಮೊದಲ ಊರಿಗೆ. ಅಷ್ಟರೊಳಗೆ ಅವನನ್ನು ಕತ್ತಲ ಗುಹೆ ದಾಟಿಸಬೇಕೆಂದು ಬೇಸಿಗೆ ರಜೆಯೆಲ್ಲ ಒದ್ದಾಡಿದ್ದೆ.

ಆವತ್ತು ಗುಹೆಯ ಹತ್ತಿರದ ಊರಿನಲ್ಲಿ ಅವನನ್ನು ಓಡಿಸಿಕೊಂಡು ಹೋಗುತ್ತಿದ್ದೆ. ಹುಣಸೆಹಣ್ಣು ಬಿಡಿಸುತ್ತಿದ್ದ ಅವ್ವ ತಡೆದಳು.

"ಊರಿಗೆ ಬಂದೋನು ಯಾರ ಮನೆಗೂ ಹೋಗ್ದೆ ಹೊಂಟ್ರೆ ಅವ್ರು ಬೇಜಾರ್ ಮಾಡ್ಕಳಾಕಿಲ್ವೇನೆ?"

"ಅವರೇನು ನಿನ್ ನೆಂಟ್ರಾ? ಟೈಮಿಲ್ಲ ಕಣವ್ವಾ."

"ಇವ್ಳೊಬ್ಳು ಡೀಸಿ, ಟೈಮಿಲ್ವಂತೆ. ನೀರಾದ್ರೂ ಕುಡ್ಕಂಡ್ ಹೋಗ್ಲಿ ಬಿಡು."

ಅವಳ ಬಾಯಿ ಮುಚ್ಚಿಸಲು ಹುಡುಗನನ್ನು ಮನೆಮನೆಗೂ ನುಗ್ಗಿಸಿದೆ. ಕೊನೆಯ ಮನೆಯ ಮುದುಕಿ ಏನೋ ಹೇಳಿ ಅವನ ಕೈಗೆ ದೀಪ ಕೊಟ್ಟಳು. ಗುಹೆಯೊಳಗೆ ಮೊದಲ ಸಲ ದಾರಿ ಕಂಡಿತು. ಆಗಲೇ ಕರೆಂಟು ಹೋಯಿತು.

ನಾನು ಅಳುತ್ತ ಕೂತೆ. ಕೈತುಂಬ ಹುಣಸೆ ಅಂಟಿದ್ದರಿಂದ ಅವ್ವ ಮುಂಗೈಯಿಂದ ನನ್ನ ಕೆನ್ನೆ ಒರೆಸಿದಳು.

"ಆ ಹುಡ್ಗ ಮರ್ತ್ರೆ ಮರೀಲಿ. ದೀಪ ಯಾರ ಮನೇಲೈತೆ ಅಂತ ನಿಂಗೊತ್ತಲ್ಲ. ನಾಳೆ ಸೀದಾ ಆಯಮ್ಮನ ಮನೆಗೇ ಹೋಗು."

ಮರುದಿನ ಕರೆಂಟು ಹೋದಾಗ ಹುಡುಗ ಗುಹೆಯ ಆಚೆಗಿದ್ದ. ಅವ್ವ ಕಪ್ಪಾದ ಟೀವಿಯನ್ನೇ ನೋಡುತ್ತ ಕೇಳಿದಳು:

"ಆಚೆ ಊರಲ್ಲಿ ಎಷ್ಟ್ ಮನೆ ಕಂಡ್ವೇ?"