ಸುಧಾರಿಸಿದ ದನಿ

ಪರದೆಯ ಮೇಲೆ ತಾಯಿ ನರಿ ಬಾಯಿ ತೆರೆದಾಗ ಹೊರಬಂದದ್ದು ಅಜ್ಜಿಯ ದನಿಯಲ್ಲ.

ಸೋಫಾದ ತುದಿಯಲ್ಲಿ ಕೂತಿದ್ದ ಅಜ್ಜಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಕ್ಯಾನ್ಸರ್ ಬಂದಾಗ ವೈದ್ಯರು ಅಲ್ಲಿಂದ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಆಗ ಮೊಮ್ಮಗಳು ಇನ್ನೂ ತೊದಲು ನುಡಿಯುವ ಕೂಸು. ಅದಕ್ಕೆ ಮೊದಲು ಅಜ್ಜಿ ಡಬ್ಬಿಂಗ್ ಕಲಾವಿದೆ; ಈ ಕಾರ್ಟೂನಿನ ನರಿಗೆ ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ ಮಾತು ಕೊಟ್ಟವಳು. ಅಂಗಡಿಯಲ್ಲಿ ಬಾಯಿ ಬಿಟ್ಟರೆ ಸಾಕು, ಯಾರದೋ ಕಂಕುಳಲ್ಲಿದ್ದ ಮಕ್ಕಳು ತಟ್ಟನೆ ಇತ್ತ ತಿರುಗುತ್ತಿದ್ದವು.

"ಕೇಳಿದ್ರಾ? ಅದೇ ನಮ್ಮಜ್ಜಿ!" ಎಂದು ಮೊಮ್ಮಗಳು ಕುಣಿದಳು. ಕೆಳಮಹಡಿಯ ಅಕ್ಕತಂಗಿಯರು "ನಿಮ್ಮಜ್ಜಿ ಮೂಗಿ" ಎಂದು ಆಡಿಕೊಂಡದ್ದಕ್ಕೇ ಇವಳು ಅವರಿಬ್ಬರನ್ನೂ ಎಳೆದುತಂದು ಟೀವಿಯ ಮುಂದೆ ಕೂರಿಸಿದ್ದಳು. ಅಜ್ಜಿಯ ದನಿ ಹೇಗಿತ್ತೆಂಬ ನೆನಪು ಅವಳಿಗಾದರೂ ಎಲ್ಲಿಂದ ಬರಬೇಕು?

ಅವಳ ಅಮ್ಮನಿಗೆ ನೆನಪಿತ್ತು. ರಿಮೋಟ್ ಕಿತ್ತುಕೊಂಡು ಬೇರೆ ಕಂತು ಹಾಕಿದಳು, ಮತ್ತೊಂದು ಹಾಕಿದಳು. ಎಲ್ಲದರಲ್ಲೂ ಅದೇ, ಸುಕ್ಕಿಲ್ಲದ, ಇಸ್ತ್ರಿ ಹಾಕಿದಂಥ ದನಿ. "ಇದು ಅಜ್ಜಿ ಅಲ್ಲ ಪುಟ್ಟಾ" ಎನ್ನಲು ಹೊರಟವಳು ಮಗಳ ಮುಖ ನೋಡಿ ಮಾತು ನುಂಗಿದಳು. ಮೊದಲಿನ ಕಂತನ್ನೇ ಮತ್ತೆ ಹಚ್ಚಿ, ಅಡುಗೆಮನೆಗೆ ಹೋಗಿ ಆ್ಯಪ್‌ನ ಕಂಪನಿಗೆ ಫೋನು ಮಾಡಿದಳು.

"ನಿಮ್ಮ ಖಾತೇಲಿ ಎಲ್ಲ ಸರಿಯಾಗೇ ಇದೆ ಮೇಡಂ," ಎಂದಿತು ಅತ್ತಲಿನ ಹುಡುಗಿಯ ದನಿ. "ಹೊಸ ಆವೃತ್ತಿ ಬಂದಿದೆ. ಧ್ವನಿ, ಭಾಷೆ ಎರಡನ್ನೂ ಸುಧಾರಿಸಿದ್ದೀವಿ. ಇದಕ್ಕೆ ಹೆಚ್ಚುವರಿ ಶುಲ್ಕ ಏನೂ ಇಲ್ಲ."

"ಸುಧಾರ್ಸಿ ಅಂತ ನಿಮ್ಮನ್ನ ಕೇಳಿದವರು ಯಾರು? ನಂಗೆ ಹಳೇದು ಬೇಕು."

"ಹಳೇದು ಈಗ ಎಲ್ಲೂ ಸಿಗಲ್ಲ ಮೇಡಂ."

"ನಾನು ದುಡ್ಡು ಕೊಟ್ಟು ಕೊಂಡ್ಕೊಂಡಿದ್ದು ಅದನ್ನೇ ಅಲ್ವಾ!"

"ನೀವು ಕೊಂಡಿದ್ದು ನೋಡೋದಕ್ಕೆ ಅನುಮತಿ ಮೇಡಂ. ಏನು ತೋರಿಸ್ಬೇಕು ಅನ್ನೋದು ಕಂಪನಿಗೆ ಬಿಟ್ಟಿದ್ದು."

"ಅದು ನಮ್ಮಮ್ಮನ ದನಿ ಕಣಮ್ಮಾ..."

ಹುಡುಗಿ ಮೆಲ್ಲಗೆ ಕೇಳಿದಳು, "ಇದನ್ನ ಯಾವ ತರದ ದೂರು ಅಂತ ಬರ್ಕೊಳ್ಳಲಿ ಮೇಡಂ?"

ಅವಳು ಫೋನಿಟ್ಟು, ಸಿಂಕಿಗೆ ಒರಗಿ ನಿಂತಳು. ಮನೆ ಬದಲಿಸುವಾಗ ಈ ಕಾರ್ಟೂನಿನ ಹಳೆಯ ಡಿಸ್ಕುಗಳ ಡಬ್ಬವನ್ನು ಗುಜರಿಗೆ ಹಾಕಿದವಳು ತಾನೇ. ಅಮ್ಮ ಡಬ್ಬದ ಮೇಲೆ ಕೈಯಿಟ್ಟು ತಡೆದಿದ್ದಳು. "ಹಾಕಿ ನೋಡೋಕೆ ಪ್ಲೇಯರ್ರೇ ಇಲ್ಲ, ಸುಮ್ನೆ ಧೂಳು ಹೊತ್ಕೊಂಡು ಹೋಗೋದಾ? ಎಲ್ಲಾ ಆ್ಯಪ್‌ನಲ್ಲಿ ಕೊಂಡಿಟ್ಟಿದೀನಮ್ಮ, ಎಲ್ಲಿಗೂ ಓಡಿಹೋಗಲ್ಲ," ಎಂದಿದ್ದಳು ಇವಳು. ಅಮ್ಮ ಕೈ ತೆಗೆದಿದ್ದಳು. ದನಿಯಿದ್ದಿದ್ದರೆ ಕೂಗಾಡಿ ಭೂಮಿ ಆಕಾಶ ಒಂದು ಮಾಡುತ್ತಿದ್ದಳು.

"ಸುಳ್ಳು ಸುಳ್ಳು!" ಕೆಳಮನೆಯ ದೊಡ್ಡ ಹುಡುಗಿಯ ಕೂಗು ಕೇಳಿ ಅವಳು ಬಾಗಿಲಿಗೆ ಬಂದಳು. "ಅದು ನಿಮ್ಮಜ್ಜೀನೇ ಆಗಿದ್ರೆ ಜೊತೇಲೇ ಬಾಯಾಡಿಸ್ಲಿ, ನೋಡೋಣ."

"ಆಡಿಸ್ತಾರೆ! ಅಜ್ಜೀ, ಆಡ್ಸಜ್ಜಿ!"

ಅಜ್ಜಿ ಒಮ್ಮೆ ಮಗಳತ್ತ ನೋಡಿದಳು. ಬಳಿಕ ಮೈಕಿನ ಮುಂದೆ ಕೂರುವಂತೆ ಬೆನ್ನು ನೆಟ್ಟಗೆ ಮಾಡಿದಳು. ಪರದೆಯಲ್ಲಿ ಸಂಜೆಯಾಗಿತ್ತು, ಮರಿಗಳು ಇನ್ನೂ ಬಿಲದ ಹೊರಗೇ ಆಡುತ್ತಿದ್ದವು. ನರಿ ಬಾಯಿ ತೆರೆಯಿತು, ಅಜ್ಜಿಯೂ ತೆರೆದಳು. "ಬಾಲ ಒಳಗೆ ಎಳ್ಕೊಳ್ರೋ ಪುಂಡರಾ, ಚಂದ್ರ ಇಣುಕ್ತಿದಾನೆ, ಎಣಿಸಿಬಿಟ್ಟಾನು!" ಬಾಗಿಲಲ್ಲಿ ನಿಂತ ಮಗಳು ಆ ತುಟಿಗಳ ಮೇಲೆ ಅಕ್ಷರ ಅಕ್ಷರವನ್ನೂ ಓದಿದಳು. 'ಪುಂಡರಾ' ಎಂಬುದು ಬರೆದುಕೊಟ್ಟದ್ದರಲ್ಲಿ ಇರಲಿಲ್ಲ. ಸ್ಟುಡಿಯೋದಲ್ಲಿ ಅಮ್ಮನೇ ಸೇರಿಸಿದ್ದು.

"ಮಕ್ಕಳೇ, ಕತ್ತಲಾಗುತ್ತಿದೆ. ದಯವಿಟ್ಟು ಒಳಗೆ ಬನ್ನಿ," ಎಂದಿತು ಟೀವಿ.

ನರಿಯ ಬಾಯಿ ಮುಚ್ಚಿದಾಗಲೇ ಅಜ್ಜಿಯ ಬಾಯಿಯೂ ಮುಚ್ಚಿತು. ಟೀವಿಯ ದನಿ ಮಾತ್ರ ಅದಕ್ಕೆ ಮೊದಲೇ ಮುಗಿದು ಸುಮ್ಮನಾಗಿತ್ತು. ಅಕ್ಕತಂಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

ಮೊಮ್ಮಗಳ ಕಿವಿ ಕೆಂಪಾಯಿತು. ಅವಳು ಅಜ್ಜಿಯ ಪಕ್ಕಕ್ಕೆ ಸರಿದು, ಆಕೆಯ ಮೊಣಕಾಲನ್ನು ದೊಡ್ಡವರಂತೆ ಸವರುತ್ತಾ ಗೆಳತಿಯರಿಗೆ ಹೇಳಿದಳು:

"ನಗ್ಬೇಡ್ರೇ. ಪಾಪ, ನಮ್ಮಜ್ಜಿಗೆ ಎಲ್ಲಾ ಮರ್ತುಹೋಗಿದೆ."